ರಸ್ತೆಯಾಚೆಯ ತಿಪ್ಪೆ

ನವೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ ತುಮಕೂರು, ಮಂಡ್ಯ, ಹಾಸನ, ಕೋಲಾರದ ಕಡೆಯ ಎಷ್ಟೋ ಹಳ್ಳಿ ರಸ್ತೆಗಳು ಅರ್ಧ ರಸ್ತೆ, ಅರ್ಧ ಕಣ. ರಾಗಿಯ ತೆನೆಯನ್ನೋ ಹುರುಳಿಯ ಗಿಡವನ್ನೋ ಡಾಂಬರಿನ ಮೇಲೆ ಹರವಿಬಿಟ್ಟರೆ, ಹಿಂದೆ ರೋಣಗಲ್ಲು ಮಾಡುತ್ತಿದ್ದ ಕೆಲಸವನ್ನು ಬಸ್ಸು ಲಾರಿಗಳ ಚಕ್ರಗಳು ಪುಕ್ಕಟೆಯಾಗಿ ಮಾಡಿಕೊಡುತ್ತವೆ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಒಣಗುವುದೂ ರಸ್ತೆಯ ಅಂಚಿನಲ್ಲೇ. ಒಕ್ಕಣೆ ಮುಗಿದು ರಾಶಿ ಮನೆ ಸೇರಿದ ಮೇಲೂ ಡಾಂಬರಿನ ಬಿರುಕಿನಲ್ಲಿ, ಪಕ್ಕದ ಮಣ್ಣಿನಲ್ಲಿ, ಚರಂಡಿಯ ಅಂಚಿನಲ್ಲಿ ಸಾಕಷ್ಟು ಕಾಳು ಉಳಿದಿರುತ್ತದೆ. ಸುಗ್ಗಿ ಕಳೆದರೂ ರಸ್ತೆಬದಿ ಬರಿದಾಗುವುದಿಲ್ಲ. ಎಷ್ಟೋ ಊರುಗಳಲ್ಲಿ ತಿಪ್ಪೆಗಳು ಇರುವುದು ಊರಿನಿಂದ ಹೊರಡುವ ರಸ್ತೆಯ ಎರಡೂ ಬದಿಗೆ. ಗೊಬ್ಬರ ಹೊರಲು ಗಾಡಿಗೆ ಅನುಕೂಲವಾಗಲಿ ಎಂದು ಜನ ಆರಿಸಿಕೊಂಡ ಜಾಗ ಅದು. ಇದನ್ನೆಲ್ಲ ಕೋಳಿಯ ಎತ್ತರದಿಂದ, ಅಂದರೆ ನೆಲದಿಂದ ಒಂದಡಿ ಮೇಲಿನಿಂದ ನೋಡಿದರೆ ಅಲ್ಲಿ ರಸ್ತೆಯೇ ಕಾಣುವುದಿಲ್ಲ. ಕಾಣುವುದು ಉದ್ದಕ್ಕೆ ಹಾಸಿದ ಒಂದು ಕಣ, ಅದರ ಎರಡು ಮಗ್ಗುಲಿಗೆ ಸಾಲು ತಿಪ್ಪೆಗಳು.

ಗಾಡಿಯ ಚಕ್ರಕ್ಕೆ ಕೋಳಿ ಸಿಕ್ಕಾಗ ಬೈಗುಳ ಇಬ್ಬರ ಪಾಲಿಗೆ ಬರುತ್ತದೆ: ಕಣ್ಣು ಕಾಣದೆ ಓಡಿಸಿದ ಚಾಲಕನಿಗೆ, ಬುದ್ಧಿಯಿಲ್ಲದೆ ಅಡ್ಡ ಬಂದ ಕೋಳಿಗೆ. ಎರಡು ಬೈಗುಳದಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಎರಡರಿಂದಲೂ ಮುಂದಿನ ಕೋಳಿ ಉಳಿಯುವುದಿಲ್ಲ. ಈ ಅಧ್ಯಾಯದ ವಾದ ಇಷ್ಟು: ಕೋಳಿಗೆ ರಸ್ತೆಯ ಭಯ ಕಲಿಸುವುದು ಬಹುಮಟ್ಟಿಗೆ ಆಗದ ಕೆಲಸ, ರಸ್ತೆಯ ಆಸೆ ತಪ್ಪಿಸುವುದು ಆಗುವ ಕೆಲಸ. ಮೊದಲನೆಯದು ಯಾಕೆ ಆಗುವುದಿಲ್ಲ ಎಂಬುದು ಕೋಳಿಯ ಕಣ್ಣು, ಮಿದುಳು, ವಂಶದ ಕಥೆ. ಎರಡನೆಯದು ಹೇಗೆ ಆಗುತ್ತದೆ ಎಂಬುದು ನಮ್ಮ ಹಿತ್ತಿಲಿನ ಕಥೆ. ವಿಷಯ ಚಿಕ್ಕದಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಸುಮಾರು 85 ಕೋಟಿ ಸಾಕುಹಕ್ಕಿಗಳಲ್ಲಿ 31.7 ಕೋಟಿ ಮನೆಯ ಹಿತ್ತಿಲಲ್ಲಿ ಬೆಳೆಯುವಂಥವು. 2012ರ ಗಣತಿಗಿಂತ ಇದು ಸುಮಾರು ಶೇ 46ರಷ್ಟು ಹೆಚ್ಚು. ಇದೇ ಅವಧಿಯಲ್ಲಿ ಹಳ್ಳಿಯ ಮಣ್ಣುದಾರಿಗಳು ಡಾಂಬರು ಕಂಡವು, ಮನೆ ಮನೆಗೆ ಬೈಕು ಬಂತು. ಕೋಳಿಯೂ ಹೆಚ್ಚಿತು, ವೇಗವೂ ಹೆಚ್ಚಿತು.

ಕೋಳಿ ಮನುಷ್ಯನ ಬಳಿಗೆ ಬಂದದ್ದೇ ಚೆಲ್ಲಿದ ಕಾಳಿನ ಜಾಡು ಹಿಡಿದು. ಇದರ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಹಳದಿ ಕಾಲಿನ, ಹಳದಿ ಚರ್ಮದ ಗುಣ ಮಾತ್ರ ನಮ್ಮ ಪಶ್ಚಿಮಘಟ್ಟದಲ್ಲೂ ಇರುವ ಬೂದು ಕಾಡುಕೋಳಿಯಿಂದ ಸೇರಿಕೊಂಡಿತೆಂದು 2008ರ ತಳಿಶಾಸ್ತ್ರದ ಅಧ್ಯಯನ ತೋರಿಸಿತು. ಸಾಕಿದ ಕೋಳಿಯ ಅತಿ ಹಳೆಯ ಖಚಿತ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕವು ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಅವುಗಳ ಕಾಲ ಕ್ರಿ.ಪೂ. 1650ರಿಂದ 1250ರ ನಡುವೆ. ಆ ಪ್ರದೇಶದಲ್ಲಿ ಮಳೆಯಾಶ್ರಿತ ಭತ್ತ, ಸಿರಿಧಾನ್ಯಗಳ ಬೇಸಾಯ ಹರಡಿದಾಗ ಬಿದಿರು ಮೆಳೆಯ ಹಕ್ಕಿ ಹೊಲದಂಚಿಗೆ, ಅಲ್ಲಿಂದ ಕಣಕ್ಕೆ, ಕಣದಿಂದ ಅಂಗಳಕ್ಕೆ ಇಳಿಯಿತು ಎಂದು ಸಂಶೋಧಕರು ಊಹಿಸುತ್ತಾರೆ. ಮೂರು ಸಾವಿರಕ್ಕೂ ಹೆಚ್ಚು ವರ್ಷದ ಈ ನಂಟಿನಲ್ಲಿ ಕೋಳಿ ಕಲಿತ ಪಾಠ ಒಂದೇ: ಮನುಷ್ಯ ಓಡಾಡುವಲ್ಲಿ ಕಾಳು ಚೆಲ್ಲಿರುತ್ತದೆ. ಮೋಟಾರು ಗಾಡಿಯ ವಯಸ್ಸು ಅದರ ಮುಂದೆ ನೂರಚಿಲ್ಲರೆ ವರ್ಷ. ರಸ್ತೆಯತ್ತ ಹೋಗುವ ಕೋಳಿ ತನ್ನ ಹಳೆಯ ಬುದ್ಧಿಯನ್ನು ಬಿಟ್ಟಿಲ್ಲ, ಹಿಡಿದುಕೊಂಡೇ ಹೋಗುತ್ತಿದೆ.

ಗಾಡಿ ಅದಕ್ಕೆ ಕಾಣುವುದಿಲ್ಲ ಎನ್ನುವ ಹಾಗಿಲ್ಲ. ತಲೆಯ ಎರಡು ಪಕ್ಕದಲ್ಲಿರುವ ಕಣ್ಣುಗಳಿಂದ ಅದು ಸುಮಾರು 300 ಡಿಗ್ರಿಯಷ್ಟು ಸುತ್ತಳತೆಯನ್ನು ಒಂದೇ ಹೊತ್ತಿಗೆ ನೋಡಬಲ್ಲದು. ನಮ್ಮಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆ, ಅದರಲ್ಲಿ ನಾಲ್ಕು. ಅದಲ್ಲದೆ ಚಲನೆಯ ಗ್ರಹಿಕೆಗೆ ನೆರವಾಗುವುದೆಂದು ತಿಳಿಯಲಾದ ಜೋಡಿ ಶಂಕುಗಳೂ ಇವೆ. ನಮಗೆ ನಿಶ್ಚಲವಾಗಿ ಉರಿಯುವಂತೆ ಕಾಣುವ ಕೆಲವು ದೀಪಗಳ ಮಿನುಗು ಕೂಡ ಅದಕ್ಕೆ ಗೊತ್ತಾಗುತ್ತದೆ. ಕೊರತೆ ಇರುವುದು ಕಂಡದ್ದಕ್ಕೆ ಅರ್ಥ ಹಚ್ಚುವಲ್ಲಿ. ಕೋಳಿಯ ಭಯಕ್ಕೆ ಎರಡು ಸಿದ್ಧ ಅಚ್ಚುಗಳಿವೆ. ಕ್ರಿಸ್ ಇವಾನ್ಸ್, ಪೀಟರ್ ಮಾರ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹುಂಜದ ತಲೆಯ ಮೇಲೆ ಗಿಡುಗದ ಚಿತ್ರ ಹಾಯಿಸಿದಾಗ ಅದು ಒಂದು ಬಗೆಯ ಕೂಗು ಹಾಕಿತು, ನೆಲಮಟ್ಟದಲ್ಲಿ ಬೇಟೆಯಾಡುವ ಪ್ರಾಣಿಯ ಚಿತ್ರ ತೋರಿಸಿದಾಗ ಬೇರೆಯೇ ಕೂಗು ಹಾಕಿತು. ಯಾವ ಪ್ರಾಣಿಯೂ ಕಾಣದಿದ್ದರೂ ಮೊದಲನೆಯ ಕೂಗು ಕೇಳಿಸಿದರೆ ಸಾಕು, ಹೇಂಟೆಗಳು ಮರೆಗೆ ಓಡಿ ಮುದುಡಿದವು. ಎರಡನೆಯದು ಕೇಳಿದಾಗ ಕತ್ತೆತ್ತಿ ನೆಟ್ಟಗೆ ನಿಂತವು. ಗಿಡುಗಕ್ಕೆ ಮುದುಡುವುದು ಸರಿ, ನರಿಗೆ ಕತ್ತೆತ್ತಿ ನೋಡುವುದು ಸರಿ. ಲಾರಿ ಆಕಾಶದಿಂದ ಎರಗುವುದಿಲ್ಲ, ಪೊದೆಯಲ್ಲಿ ಹೊಂಚು ಹಾಕುವುದೂ ಇಲ್ಲ. ಅದರ ಮುಂದೆ ಮುದುಡಿದರೂ ಸಾವು, ನೆಟ್ಟಗೆ ನಿಂತರೂ ಸಾವು.

ಇನ್ನೊಂದು ತೊಡಕು ಜ್ಯಾಮಿತಿಯದು. ನೇರ ರಸ್ತೆಯಲ್ಲಿ ಎದುರಿಗೆ ಬರುವ 1.8 ಮೀಟರ್ ಅಗಲದ ಕಾರು 60 ಮೀಟರ್ ದೂರದಲ್ಲಿದ್ದಾಗ ಕಣ್ಣಿಗೆ ತುಂಬುವುದು ಹೆಚ್ಚುಕಡಿಮೆ 1.7 ಡಿಗ್ರಿ, ಅಂದರೆ ಚಾಚಿದ ಕೈಯ ಹೆಬ್ಬೆರಳಿನಷ್ಟೂ ಇಲ್ಲ. 30 ಮೀಟರಿಗೆ ಬಂದಾಗ 3.4 ಡಿಗ್ರಿ, 15 ಮೀಟರಿಗೆ 7 ಡಿಗ್ರಿಯ ಹತ್ತಿರ. ಮೊದಲ 30 ಮೀಟರು ಸಾಗಿದಾಗ ಬೆಳೆದಷ್ಟೇ ಗಾತ್ರ ಮುಂದಿನ 10 ಮೀಟರಿನಲ್ಲಿ ಮತ್ತೆ ಬೆಳೆಯುತ್ತದೆ. ದೂರದಲ್ಲಿ ಅದು ಬೆಳೆಯುತ್ತಿರುವುದೇ ಗೊತ್ತಾಗದು, ಗೊತ್ತಾಗುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ಹಕ್ಕಿಗಳು ಈ ಲೆಕ್ಕವನ್ನು ಹೇಗೆ ಮಾಡುತ್ತವೆ ಎಂದು ಅಮೆರಿಕದ ಸಂಶೋಧಕರು ಕೌಬರ್ಡ್ ಎಂಬ ಹಕ್ಕಿಗೆ ನುಗ್ಗಿಬರುವ ವಾಹನದ ವಿಡಿಯೊ ತೋರಿಸಿ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವು ವೇಗವನ್ನು ಗಣನೆಗೇ ತೆಗೆದುಕೊಂಡಿರಲಿಲ್ಲ. ಗಾಡಿ ಇಷ್ಟು ಹತ್ತಿರ ಬಂದರೆ ಹಾರು ಎಂಬ ದೂರದ ನಿಯಮ ಮಾತ್ರ ಅವುಗಳಿಗಿತ್ತು. ಹೀಗಾಗಿ ಗಂಟೆಗೆ 120 ಕಿಲೋಮೀಟರ್ ಮತ್ತು ಅದಕ್ಕೂ ಮೇಲಿನ ವೇಗದಲ್ಲಿ ತಪ್ಪಿಸಿಕೊಳ್ಳಲು ಸಮಯವೇ ಸಾಲಲಿಲ್ಲ. ಕೌಬರ್ಡ್ ಹಾರುವ ಹಕ್ಕಿ, ನಮ್ಮದು ಓಡುವ ಹಕ್ಕಿ. ಕೋಳಿಗೂ ಇಂಥದೇ ದೂರದ ನಿಯಮವಿದೆ, ಅದು 15 ಮೀಟರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಗಂಟೆಗೆ ನಾಲ್ಕು ಕಿಲೋಮೀಟರಿನ ಎತ್ತಿನ ಗಾಡಿ ಆ ದೂರ ಸಾಗಲು 13 ಸೆಕೆಂಡಿಗೂ ಹೆಚ್ಚು ಬೇಕು. 40 ಕಿ.ಮೀ. ವೇಗದ ಬೈಕಿಗೆ 1.35 ಸೆಕೆಂಡು, 60 ಕಿ.ಮೀ. ವೇಗದ ಕಾರಿಗೆ 0.9 ಸೆಕೆಂಡು ಸಾಕು. ಸೆಕೆಂಡಿಗೆ ನಾಲ್ಕು ಮೀಟರಿನಂತೆ ಜೀವ ಬಿಟ್ಟು ಓಡಿದರೂ 3.75 ಮೀಟರ್ ಅಗಲದ ಹಳ್ಳಿ ರಸ್ತೆ ದಾಟಲು ಕೋಳಿಗೆ ಬೇಕಾಗುವುದು ಅದೇ 0.9 ಸೆಕೆಂಡು. ಎತ್ತಿನ ಗಾಡಿಯ ಕಾಲಕ್ಕೆ ಧಾರಾಳವಾಗಿದ್ದ ನಿಯಮ ಡಾಂಬರಿನ ಕಾಲಕ್ಕೆ ಕೂದಲೆಳೆಯ ಅಂತರಕ್ಕೆ ಬಂದು ನಿಂತಿದೆ.

ಅದೂ ಕೋಳಿ ನೇರವಾಗಿ ಓಡಿದರೆ. ಅರ್ಧ ದಾಟಿದ ಕೋಳಿ ತಿರುಗಿ ವಾಪಸು ಓಡಿ ಚಕ್ರಕ್ಕೆ ಸಿಗುವುದನ್ನು ಹಳ್ಳಿ ರಸ್ತೆಯ ಚಾಲಕರೆಲ್ಲ ಬಲ್ಲರು. ಇದನ್ನು ಪೆದ್ದುತನ ಎನ್ನುವ ಮೊದಲು ಹೆದರಿದ ಕೋಳಿ ಎಲ್ಲಿಗೆ ಓಡುತ್ತದೆ ಎಂದು ಕೇಳಬೇಕು. ಹೆದರಿದ ಕೋಳಿ ಅಪಾಯದಿಂದ ದೂರಕ್ಕೆ ಓಡುವುದಕ್ಕಿಂತ ಹೆಚ್ಚಾಗಿ ಪರಿಚಿತ ಮರೆಯತ್ತ, ಗುಂಪಿನತ್ತ ಓಡುತ್ತದೆ. ಕಾಡಿನಲ್ಲಿ ಬಿದಿರು ಮೆಳೆ ಯಾವ ದಿಕ್ಕಿಗಿದೆಯೋ ಆ ದಿಕ್ಕೇ ಬದುಕಿನ ದಿಕ್ಕು. ಹಳ್ಳಿಯಲ್ಲಿ ಗೂಡು ಇರುವ ದಿಕ್ಕು ಅದು, ನಡುವೆ ಗಾಡಿ ಇದ್ದರೂ ಸರಿ. ಗುಂಪಿನ ಸೆಳೆತ ಇನ್ನೊಂದು ಬಗೆಯಲ್ಲೂ ಕೊಲ್ಲುತ್ತದೆ. ಒಳ್ಳೆಯ ತಿನಿಸು ಕಂಡ ಹುಂಜ ಅದನ್ನು ಕೊಕ್ಕಿನಲ್ಲಿ ಎತ್ತಿ ಬೀಳಿಸುತ್ತಾ ಒಂದೇ ಸಮನೆ ಕೊಕ್ಕೊಕ್ ಎಂದು ಕರೆಯುತ್ತದೆ. ಆ ಸದ್ದನ್ನಷ್ಟೇ ಧ್ವನಿವರ್ಧಕದಲ್ಲಿ ಕೇಳಿಸಿದರೂ ಹೇಂಟೆಗಳು ಕತ್ತು ಬಗ್ಗಿಸಿ ನೆಲ ಹುಡುಕತೊಡಗುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಹುಂಜ ರಸ್ತೆಯ ಆಚೆ ಬದಿಯಲ್ಲಿ ನಿಂತು ಕರೆದರೆ ಈಚೆಯ ನಾಲ್ಕು ಹೇಂಟೆಗಳ ಗಮನವೆಲ್ಲ ಆ ಕಾಳಿನ ಮೇಲೆ. ಮರಿ ಮಾಡಿದ ತಾಯಿ ದಾಟಿದರೆ ಹಿಂದೆ ಹತ್ತು ಪಿಳ್ಳೆಗಳ ಸಾಲು. ಮುಂದಿನವು ಅವಳ ಕಾಲಿನ ಜೊತೆಗಿರುತ್ತವೆ, ಕೊನೆಯವು ರಸ್ತೆಯ ಮಧ್ಯದಲ್ಲಿರುತ್ತವೆ.

ಹಾಗಾದರೆ ದಿನವೂ ಗಾಡಿ ನೋಡುವ ಕೋಳಿ ನಿಧಾನವಾಗಿ ಬುದ್ಧಿ ಕಲಿಯುವುದಿಲ್ಲವೇ ಎಂಬ ಆಕ್ಷೇಪ ಸಹಜ. ಕಲಿಯುತ್ತದೆ, ಆದರೆ ನಮಗೆ ಬೇಕಾದ ಪಾಠವನ್ನಲ್ಲ. ದಿನಕ್ಕೆ ನೂರು ಗಾಡಿ ಪಕ್ಕದಲ್ಲೇ ಹಾದುಹೋಗಿ ಏನೂ ಆಗದಿದ್ದರೆ ಗಾಡಿಯ ಸದ್ದಿಗೆ ಬೆಚ್ಚಬೇಕಿಲ್ಲ ಎಂಬುದೇ ನೂರು ಸಲ ಕಲಿತ ಪಾಠ. ಅಭ್ಯಾಸಬಲದಿಂದ ಭಯ ಸವೆಯುವ ಈ ಕ್ರಿಯೆ ಪ್ರಾಣಿಲೋಕದಲ್ಲೆಲ್ಲ ಇದೆ. ನೂರ ಒಂದನೆಯ ಗಾಡಿ ಕಲಿಸುವ ಪಾಠವನ್ನು ಕಲಿತ ಕೋಳಿ ಉಳಿಯುವುದೇ ಇಲ್ಲ, ಹಾಗಾಗಿ ಅದು ಯಾರಿಗೂ ದಾಟುವುದಿಲ್ಲ. ಫ್ರಾನ್ಸಿನ ರಸ್ತೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹಕ್ಕಿಗಳು ವೇಗಮಿತಿ ಹೆಚ್ಚಿರುವ ರಸ್ತೆಯಲ್ಲಿ ಬೇಗ ಹಾರುತ್ತಿದ್ದವು, ಆದರೆ ಬರುತ್ತಿರುವ ಗಾಡಿ ಆ ಮಿತಿಯನ್ನು ಮೀರಿದ್ದರೆ ಅದನ್ನು ಗುರುತಿಸುತ್ತಿರಲಿಲ್ಲ. ಹಕ್ಕಿ ಜಾಗವನ್ನು ಕಲಿಯುತ್ತದೆ, ಗಾಡಿಯನ್ನಲ್ಲ. ಹಳ್ಳಿಯ ರಸ್ತೆಯಲ್ಲಿ ತೆವಳುವ ಟ್ರ್ಯಾಕ್ಟರನ್ನು ನೋಡಿ ಜಾಗದ ಗುಣ ಕಲಿತ ಕೋಳಿಗೆ ವಾರಕ್ಕೊಮ್ಮೆ ನುಗ್ಗಿಬರುವ ಕಾರಿನ ಲೆಕ್ಕ ಸಿಗದು.

ಇದಕ್ಕೆ ಎದುರಾಗಿ ಇಡಬಹುದಾದ ಒಂದು ಗಟ್ಟಿ ಸಾಕ್ಷ್ಯವೂ ಇದೆ. ಅಮೆರಿಕದ ನೆಬ್ರಾಸ್ಕದಲ್ಲಿ ಸೇತುವೆಗಳ ಕೆಳಗೆ ಗೂಡು ಕಟ್ಟುವ ಬಂಡೆ ಕವಲುತೋಕೆ ಹಕ್ಕಿಗಳನ್ನು ಚಾರ್ಲ್ಸ್ ಬ್ರೌನ್ ಮತ್ತು ಮೇರಿ ಬಾಂಬರ್ಗರ್ ಬ್ರೌನ್ ಮೂವತ್ತು ವರ್ಷ ಗಮನಿಸಿದರು. ಅವರು 2013ರಲ್ಲಿ ಬರೆದಂತೆ ಹಕ್ಕಿಗಳ ಸಂಖ್ಯೆ ಹೆಚ್ಚಿದರೂ ರಸ್ತೆಯಲ್ಲಿ ಸಾಯುವವು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಸತ್ತವುಗಳ ರೆಕ್ಕೆ ಉಳಿದವುಗಳ ರೆಕ್ಕೆಗಿಂತ ಉದ್ದವಿತ್ತು. ತಟ್ಟನೆ ಮೇಲೇಳಲು ನೆರವಾಗುವ ಗಿಡ್ಡ ರೆಕ್ಕೆಯವು ಉಳಿದುಕೊಂಡವು ಎಂದು ಇದನ್ನು ವಿವರಿಸಬಹುದು. ನಿಸರ್ಗವೇ ಪಾಠ ಕಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆದರೆ ಆ ಪಾಠದ ಶುಲ್ಕ ನೋಡಿ: ಸಾವಿರಾರು ಹಕ್ಕಿಗಳ ಗುಂಪು, ಮೂವತ್ತು ವರ್ಷ, ಅಷ್ಟುದ್ದಕ್ಕೂ ಸಾವು. ಹತ್ತು ಕೋಳಿಯ ಮನೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮೇಲಾಗಿ ಯಾವ ಹೇಂಟೆಯ ಮೊಟ್ಟೆಯನ್ನು ಕಾವಿಗೆ ಕೂರಿಸಬೇಕು, ಯಾವ ಹುಂಜ ಹಬ್ಬಕ್ಕೆ ಹೋಗಬೇಕು ಎಂದು ಆರಿಸುವುದು ಮನೆಯವರು. ರಸ್ತೆ ಆರಿಸಿದ್ದನ್ನು ಅಡುಗೆಮನೆ ಅಳಿಸಿಹಾಕುತ್ತದೆ.

ಹೊಟ್ಟೆತುಂಬ ಹಾಕಿದರೆ ಯಾಕೆ ಅಲೆಯುತ್ತದೆ ಎನ್ನುವವರಿದ್ದಾರೆ. ಇದು ಮನುಷ್ಯನ ಹೊಟ್ಟೆಯಿಂದ ಹುಟ್ಟಿದ ತರ್ಕ. ಮರಿಯನ್ ಡಾಕಿನ್ಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೃಗಾಲಯದ ಆವರಣದಲ್ಲಿ ಬಿಡುಬೀಸಾಗಿ ಓಡಾಡಿಕೊಂಡಿದ್ದ, ದಿನವೂ ಆಹಾರ ಸಿಗುತ್ತಿದ್ದ ಕಾಡುಕೋಳಿಗಳನ್ನು ನಿಮಿಷ ನಿಮಿಷಕ್ಕೆ ಗುರುತು ಹಾಕಿಕೊಂಡು ನೋಡಲಾಯಿತು. ಎಚ್ಚರದ ಹೊತ್ತಿನ ಶೇ 60ರಷ್ಟು ನಿಮಿಷಗಳಲ್ಲಿ ಅವು ನೆಲ ಕುಕ್ಕುತ್ತಿದ್ದವು, ಶೇ 34ರಷ್ಟು ನಿಮಿಷಗಳಲ್ಲಿ ಕೆದಕುತ್ತಿದ್ದವು. ತಟ್ಟೆಯಲ್ಲಿ ಕಾಳು ಇದ್ದರೂ ಮಣ್ಣಿನೊಳಗಿನ ಕಾಳನ್ನು ಕೆದಕಿ ತಿನ್ನುವ ಈ ಗುಣ ಬೇರೆ ಪ್ರಯೋಗಗಳಲ್ಲೂ ಕಂಡಿದೆ. ಕೆದಕುವುದು ಕೋಳಿಗೆ ಊಟದ ದಾರಿ ಮಾತ್ರವಲ್ಲ, ಸ್ವತಃ ಒಂದು ಹಸಿವು. ಹಾಗಾಗಿ ಒಂದು ಬಟ್ಟಲಿನಲ್ಲಿ ನುಚ್ಚು ಸುರಿದು ಕೋಳಿ ಮನೆಯಲ್ಲೇ ಇರುತ್ತದೆ ಎಂದುಕೊಂಡರೆ ಐದು ನಿಮಿಷದಲ್ಲಿ ಬಟ್ಟಲು ಖಾಲಿ, ಆರನೆಯ ನಿಮಿಷಕ್ಕೆ ಅದು ತಿಪ್ಪೆಯ ಮೇಲೆ. ಮನೆಯಲ್ಲಿ ನಿಲ್ಲಿಸಬೇಕಾದರೆ ಕೊಡಬೇಕಾದದ್ದು ಇಡೀ ದಿನದ ಕೆಲಸ.

ಈಗ ಕೋಳಿಯ ದಿನದ ಬೇಕುಗಳನ್ನು ಪಟ್ಟಿ ಮಾಡಿ, ರಸ್ತೆಬದಿ ಅವನ್ನು ಎಷ್ಟು ಚೆನ್ನಾಗಿ ಪೂರೈಸುತ್ತದೆ ಎಂದು ನೋಡಬೇಕು. ಕೆದಕಲು ತಿಪ್ಪೆ ಇದೆ. ಹಲ್ಲಿಲ್ಲದ ಕೋಳಿಯ ಗಟ್ಟಿಹೊಟ್ಟೆಯಲ್ಲಿ ಕಾಳು ಅರೆಯಲು ಸಣ್ಣ ಕಲ್ಲು ಬೇಕು, ರಸ್ತೆಗೆ ಹಾಕಿ ಉಳಿದ ಸಣ್ಣ ಜಲ್ಲಿ ಅಲ್ಲೇ ಚೆಲ್ಲಿದೆ. ಗರಿಗೆ ಹತ್ತಿದ ಹಳೆಯ ಜಿಡ್ಡು ಕಳೆಯಲು, ಹೇನು ಉದುರಿಸಲು ದೂಳುಸ್ನಾನ ಬೇಕು. ಬಿಸಿಲೇರಿದ ನಡುಹಗಲಲ್ಲಿ, ಹೆಚ್ಚುಕಡಿಮೆ ಎರಡು ದಿನಕ್ಕೊಮ್ಮೆ, ಅರ್ಧ ಗಂಟೆಯ ಹತ್ತಿರ ಹಿಡಿಯುವ ಕೆಲಸ ಅದು. ಚಕ್ರಗಳು ಅರೆದ ನುಣ್ಣನೆಯ ದೂಳು ಡಾಂಬರಿನ ಅಂಚಿನಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗದು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಚಿಪ್ಪು ಕಟ್ಟುವುದು ಬಹುಮಟ್ಟಿಗೆ ರಾತ್ರಿ, ಆದ್ದರಿಂದ ಮೊಟ್ಟೆಯಿಡುವ ಹೇಂಟೆ ಸಂಜೆ ಸುಣ್ಣದ ಚೂರು ಹುಡುಕುತ್ತದೆ. ಅದೂ ರಸ್ತೆಬದಿಯಲ್ಲಿ ಸಿಕ್ಕೀತು. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು ಮರೆ. ಬಟ್ಟಬಯಲಿಗೆ ಬರಲು ಕೋಳಿ ಅಂಜುತ್ತದೆ. ಬ್ರಿಟನ್ನಿನ ತೆರೆದ ಸಾಕಣೆಯ ಮಾಂಸದ ಕೋಳಿಗಳ ಬಗ್ಗೆ ಡಾಕಿನ್ಸ್ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಗಿಲು ತೆರೆದಿದ್ದರೂ ಒಂದು ಹೊತ್ತಿಗೆ ಹೊರಗೆ ಇರುತ್ತಿದ್ದವು ಶೇ 15ಕ್ಕಿಂತ ಕಡಿಮೆ. ಮರಗಳಿದ್ದಲ್ಲಿ ಹೆಚ್ಚು ಹೊರಗೆ ಬಂದವು. ನಮ್ಮ ರಸ್ತೆಯಂಚಿನಲ್ಲಿ ಲಂಟಾನ, ಕಳ್ಳಿ, ಸಾಲುಮರ ಬೆಳೆದು ನೆರಳು ಹಾಸಿವೆ. ಬೇಲಿ ಎಂದು ನಾವು ಬೆಳೆಸಿದ ಪೊದೆ ಕೋಳಿಯ ಪಾಲಿಗೆ ರಸ್ತೆಗೆ ಅಂಟಿಕೊಂಡ ತಂಗುದಾಣ. ಹಿತ್ತಿಲಿನಿಂದ ರಸ್ತೆಯವರೆಗೆ ಅದರ ಮರೆಯಲ್ಲೇ ಬರಬಹುದು.

ಪಟ್ಟಿಯಲ್ಲೇ ಪರಿಹಾರವೂ ಇದೆ. ರಸ್ತೆಬದಿ ಕೊಡುವ ಒಂದೊಂದನ್ನೂ ಮನೆಯ ಹಿಂಬದಿಗೆ ಒಯ್ಯಬೇಕು. ಮೊದಲನೆಯದು ತಿಪ್ಪೆ. ಅದು ಬಾವಿಯಿಂದ ದೂರವಾಗಿ ಹಿತ್ತಿಲಿಗೆ ಬಂದರೆ ಕೋಳಿಯ ಅರ್ಧ ದಿನ ಅಲ್ಲೇ ಕಳೆಯುತ್ತದೆ. ತಿಪ್ಪೆ ಸಾಗಿಸಲಾಗದಿದ್ದರೆ ಸಗಣಿ, ಒಣಹುಲ್ಲು, ತರಗೆಲೆ ಸೇರಿಸಿ ಹಿಂದೆ ಒಂದು ಚಿಕ್ಕ ಗುಡ್ಡೆ ಮಾಡಿ, ಅದರಲ್ಲಿ ಹಿಡಿ ಕಾಳು ಎರಚಿದರೂ ಸಾಕು. ಒದ್ದೆ ಹುಲ್ಲು, ಸಗಣಿ ತುಂಬಿದ ಹಳೆಯ ಮಡಕೆಯನ್ನು ಗೆದ್ದಲು ಇರುವಲ್ಲಿ ಬೋರಲಾಗಿಟ್ಟು ಬೆಳಿಗ್ಗೆ ತಂದು ಕೊಡವುವ ಹಳೆಯ ಉಪಾಯ ಮರಿಗಳಿಗೆ ಒಳ್ಳೆಯ ಮೇವು. ಕಾಳು ಕೇರುವುದು, ಅಕ್ಕಿ ಆರಿಸುವುದು ಮುಂಬಾಗಿಲ ಜಗಲಿಯಲ್ಲಿ ನಡೆದರೆ ಮೊರದಿಂದ ಹಾರಿದ ಹೊಟ್ಟು, ನುಚ್ಚು ಬೀಳುವುದು ಬೀದಿಗೆ. ಆ ಕೆಲಸವೂ ಹಿಂದಕ್ಕೆ ಹೋಗಲಿ. ಒಲೆಯ ಬೂದಿ, ಮರಳು, ಒಣಮಣ್ಣು ಬೆರೆಸಿ ಮಳೆ ತಾಗದ ಕಡೆ ಒಂದು ಗುಂಡಿ, ಪಕ್ಕದಲ್ಲಿ ಕಪ್ಪೆಚಿಪ್ಪಿನ ಪುಡಿ ಮತ್ತು ಸಣ್ಣ ಕಲ್ಲಿನ ಡಬ್ಬ, ನೀರಿನ ಬಾನಿ. ನುಗ್ಗೆ, ಬಾಳೆ, ಗೊಬ್ಬರದ ಗಿಡ ಹಿತ್ತಿಲ ಆಳದಲ್ಲಿ ಮರೆ ಕೊಡಲಿ. ಇದಕ್ಕೆ ವಿರುದ್ಧವಾಗಿ ರಸ್ತೆಯ ಕಡೆಯ ಪಟ್ಟಿ ಗುಡಿಸಿದಂತೆ ಬೋಳಾಗಿರಲಿ. ಅಲ್ಲಿ ಕೆದಕಲು ಕಸವಿಲ್ಲ, ಕೂರಲು ನೆರಳಿಲ್ಲ, ಅಡಗಲು ಪೊದೆಯಿಲ್ಲ. ಗಿಡುಗದ ಭಯವನ್ನು ಕೋಳಿಗೆ ಕಲಿಸಬೇಕಿಲ್ಲ. ಆ ಹುಟ್ಟುಭಯವೇ ಬೋಳು ನೆಲದ ಕಾವಲು ಕಾಯುತ್ತದೆ. ಗಾಡಿಗೆ ಹೆದರದ ಕೋಳಿಯನ್ನು ಆಕಾಶದ ಹೆದರಿಕೆಯಿಂದ ತಡೆಯುವುದು ಈ ಏರ್ಪಾಡಿನ ಗುಟ್ಟು.

ಜಾಗದಂತೆ ಹೊತ್ತನ್ನೂ ಬಳಸಿಕೊಳ್ಳಬಹುದು. ಕೋಳಿಯ ಕಣ್ಣು ಹಗಲಿನದು, ಮಬ್ಬಿನಲ್ಲಿ ಅದಕ್ಕೆ ಸರಿಯಾಗಿ ಕಾಣದು, ಆದ್ದರಿಂದ ಹೊತ್ತು ಮುಳುಗುವ ಮುನ್ನ ತನ್ನ ಜಾಗಕ್ಕೆ ಮರಳುತ್ತದೆ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಒಂದು ದ್ವೀಪದಲ್ಲಿ ಕಾಡುಪಾಲಾದ ಸಾಕುಕೋಳಿಗಳನ್ನು ಗ್ಲೆನ್ ಮ್ಯಾಕ್‌ಬ್ರೈಡ್ ತಂಡ ಗಮನಿಸಿ 1969ರಲ್ಲಿ ಬರೆದ ವರದಿಯಲ್ಲೂ ಗುಂಪುಗಳು ರಾತ್ರಿ ತಂಗುವ ಗೊತ್ತಾದ ಜಾಗವೇ ಅವುಗಳ ಬದುಕಿನ ನಡುಗಂಬ. ಹೊಸದಾಗಿ ತಂದ ಕೋಳಿಯನ್ನು ಒಂದು ವಾರ ಗೂಡಿನಲ್ಲೇ ಇಟ್ಟು ಆಮೇಲೆ ಬಿಡುವುದು ಈ ಕಂಬ ನೆಡುವ ಕೆಲಸ. ಗೂಡಿನ ಬಾಗಿಲು ರಸ್ತೆಗೆ ಬೆನ್ನು ಮಾಡಿರಲಿ, ಯಾಕೆಂದರೆ ಹೆದರಿದಾಗ ಓಡುವ ದಿಕ್ಕು ಅದೇ. ಬಹುತೇಕ ಹೇಂಟೆಗಳು ಮಧ್ಯಾಹ್ನದೊಳಗೆ ಮೊಟ್ಟೆ ಇಡುವುದರಿಂದ ಶಾಲೆಯ ಬಸ್ಸು, ಹಾಲಿನ ಗಾಡಿ, ಕೆಲಸಕ್ಕೆ ಹೋಗುವ ಬೈಕುಗಳ ಬೆಳಗಿನ ಹೊತ್ತು ಅವು ಒಳಗಿದ್ದರೆ ನಷ್ಟವಿಲ್ಲ, ಪೊದೆಯಲ್ಲಿ ಕಳೆದುಹೋಗುವ ಮೊಟ್ಟೆಯೂ ಉಳಿಯುತ್ತದೆ. ಸಂಜೆಗೆ ಮೂರು ತಾಸು ಇರುವಾಗ ಬಿಟ್ಟರೆ ಕತ್ತಲು ಹತ್ತಿರವಾದಂತೆ ಅವು ತಾವಾಗಿ ಮನೆಯತ್ತ ಸರಿಯುತ್ತವೆ. ಆ ಹೊತ್ತಿಗೆ ಗೂಡಿನ ಬಳಿ ದಿನವೂ ಒಂದೇ ಕರೆ ಹಾಕಿ ಹಿಡಿ ನುಚ್ಚು ಎರಚಿದರೆ ಆ ಕರೆ ಹುಂಜದ ಕೊಕ್ಕೊಕ್ಕಿಗೆ ಸಮಾನವಾಗುತ್ತದೆ. ಮರಿ ಮಾಡಿದ ತಾಯಿಯನ್ನು ಮೊದಲ ಕೆಲವು ವಾರ ಕುಕ್ಕೆಯಡಿ ಮುಚ್ಚಿ ಮರಿಗಳನ್ನು ಮಾತ್ರ ಹೊರಗೆ ಬಿಟ್ಟರೆ ಅವು ಅವಳ ಸುತ್ತಲೇ ಮೇಯುತ್ತವೆ.

ಇಷ್ಟೆಲ್ಲ ಯಾಕೆ, ಒಂದು ಬೇಲಿ ಹಾಕಿದರಾಯಿತಲ್ಲ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಹಣವಿದ್ದವರಿಗೆ ಆರಡಿ ಎತ್ತರದ ಜಾಲರಿ ಒಳ್ಳೆಯದೇ. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜದಂಥ ತೂಕದ ತಳಿಗೆ ಅಷ್ಟು ಎತ್ತರವೂ ಬೇಕಾಗದು, ಹಗುರ ಮೈಯ ನಾಟಿ ಕೋಳಿ ಮಾತ್ರ ನಾಲ್ಕಡಿಯ ಬೇಲಿಯನ್ನು ಸಲೀಸಾಗಿ ಹಾರುತ್ತದೆ. ಒಂದು ಪಕ್ಕದ ರೆಕ್ಕೆಯ ಉದ್ದಗರಿಗಳನ್ನು ಕತ್ತರಿಸಿದರೆ ತೋಲ ತಪ್ಪಿ ಹಾರಲಾಗದು, ಆದರೆ ಗರಿ ಉದುರಿ ಹೊಸದು ಬರುವವರೆಗೆ ನಾಯಿಯಿಂದ ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ. ದೊಡ್ಡ ತೊಂದರೆ ಬೇರೆ. ಕ್ಯಾನರಿ ದ್ವೀಪಗಳ ಟೆನೆರಿಫೆಯಲ್ಲಿ ಚಿಂಪಾಂಜಿಗಳ ಬುದ್ಧಿಯನ್ನು ಅಳೆದ ವುಲ್ಫ್‌ಗಾಂಗ್ ಕೋಲರ್ 1917ರ ತಮ್ಮ ಕೃತಿಯಲ್ಲಿ ಕೋಳಿಗಳನ್ನೂ ಪರೀಕ್ಷಿಸಿದ್ದನ್ನು ಬರೆದಿದ್ದಾರೆ. ಬೇಲಿಯ ಆಚೆ ಕಾಳು ಇಟ್ಟರೆ, ನಾಯಿ ತಟ್ಟನೆ ತಿರುಗಿ ಸುತ್ತು ಬಳಸಿ ಹೋಗುವಲ್ಲಿ, ಕೋಳಿಗಳು ಬೇಲಿಗೆ ಮೈಯೊತ್ತಿ ಅತ್ತಿಂದಿತ್ತ ಓಡಾಡಿದವು. ಗುರಿ ಕಣ್ಣೆದುರಿಗೆ ಇದ್ದಷ್ಟು ಹೊತ್ತು ಅದಕ್ಕೆ ಬೆನ್ನು ಹಾಕಿ ದೂರ ಸರಿಯುವುದು ಕೋಳಿಗೆ ಕಷ್ಟ. ರಸ್ತೆಯಂಚಿನ ಬೇಲಿಯನ್ನು ಹೇಗೋ ಹಾರಿ ಹೊರಬಿದ್ದ ಕೋಳಿಯನ್ನು ನೆನೆಯಿರಿ. ಒಳಗೆ ಗುಂಪು ಕಾಣುತ್ತಿದೆ, ದಾಟಲಾಗದು, ಬೇಲಿಯುದ್ದಕ್ಕೂ ಅಂದರೆ ರಸ್ತೆಯುದ್ದಕ್ಕೂ ಅದು ಓಡಾಡುತ್ತದೆ. ಕಾಪಾಡಬೇಕಾದ ಬೇಲಿ ಆಗ ಅದನ್ನು ಗಾಡಿಗಳ ಜೊತೆ ಕಟ್ಟಿಹಾಕುತ್ತದೆ. ಹೀಗಾಗಿ ಬೇಲಿ ಡಾಂಬರಿನಿಂದ ಸಾಧ್ಯವಾದಷ್ಟು ಒಳಗೆ ಸರಿದಿರಬೇಕು, ಹೊರಗುಳಿದ ಕೋಳಿ ಒಳಬರಲು ರಸ್ತೆಯಿಂದ ದೂರದ ಪಕ್ಕದಲ್ಲಿ ಕಂಡಿ ಇರಬೇಕು, ಹಾರಬೇಕೆನ್ನುವ ಕಾರಣವೇ ಕಡಿಮೆಯಾಗಿರಬೇಕು. ಆಸೆಯನ್ನು ಮೊದಲು ಹಿಂದಕ್ಕೆ ಒಯ್ದು ಆಮೇಲೆ ಹಾಕಿದ ಬೇಲಿ ಕೆಲಸ ಮಾಡುತ್ತದೆ, ಆಸೆಯ ಎದುರಿಗೆ ಹಾಕಿದ ಬೇಲಿ ದಿನವೂ ಪರೀಕ್ಷೆಗೆ ಒಳಗಾಗುತ್ತದೆ.

ಚಾಲಕರು ನಿಧಾನವಾಗಿ ಬರಲಿ ಎನ್ನುವುದು ನ್ಯಾಯವಾದ ಮಾತು, ಊರೊಳಗೆ ಮಕ್ಕಳ ಸಲುವಾಗಿಯಾದರೂ ಅದು ಆಗಬೇಕು. ಆದರೆ ಅದರ ಮೇಲೇ ಭಾರ ಹಾಕಲು ಬರುವುದಿಲ್ಲ. 60 ಕಿ.ಮೀ. ವೇಗದ ವಾಹನ ಅಡಚಣೆ ಕಂಡ ಮೇಲೆ ನಿಲ್ಲಲು 80 ಮೀಟರ್, 40 ಕಿ.ಮೀ. ವೇಗದಲ್ಲಿ 45 ಮೀಟರ್ ಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ರಸ್ತೆ ವಿನ್ಯಾಸದ ಲೆಕ್ಕ. ಹದಿನೈದು ಮೀಟರಿನಲ್ಲಿ ಪೊದೆಯಿಂದ ಹಾರಿಬಂದ ಕೋಳಿಗಾಗಿ ಒಳ್ಳೆಯ ಚಾಲಕನೂ ನಿಲ್ಲಿಸಲಾರ. ನಿಲ್ಲಿಸಲು ಹೋದ ಬೈಕ್ ಸವಾರ ಬಿದ್ದರೆ ಹೋಗುವುದು ಕೋಳಿಯ ಜೀವಕ್ಕಿಂತ ದೊಡ್ಡದು. ಹಿತ್ತಿಲೇ ಇಲ್ಲದ, ಬಾಗಿಲು ನೇರ ಬೀದಿಗೆ ತೆರೆಯುವ ಮನೆಯವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಅಂಥಲ್ಲಿ ಮೇಲೆ ಹೇಳಿದ ಏರ್ಪಾಡನ್ನೇ ಕಿರಿದು ಮಾಡಿ, ಕದಲಿಸಬಹುದಾದ ಜಾಲರಿ ಪಂಜರದೊಳಗೆ ತರಗೆಲೆ, ಬೂದಿ, ಎರಚಿದ ಕಾಳು ಇಟ್ಟು ಕೊಡಬೇಕು, ಅಥವಾ ಕೋಳಿಯ ಸಂಖ್ಯೆ ಇಳಿಸಬೇಕು. ಎಲ್ಲ ಕೋಳಿಯನ್ನೂ ಎಲ್ಲ ಕಾಲಕ್ಕೂ ಕೂಡಿಹಾಕುವುದು ಮಾತ್ರ ಪರಿಹಾರವೆನಿಸದು. ಹಿತ್ತಿಲ ಕೋಳಿಯ ಲಾಭವೆಲ್ಲ ಇರುವುದು ಅದು ತನ್ನ ಮೇವಿನ ಬಹುಪಾಲನ್ನು ತಾನೇ ಹುಡುಕಿಕೊಳ್ಳುವುದರಲ್ಲಿ. ಕಾಳು ಕೊಂಡು ಹಾಕತೊಡಗಿದ ದಿನ ಆ ಲೆಕ್ಕ ತಲೆಕೆಳಗಾಗುತ್ತದೆ.

ಇಲ್ಲಿ ಹೇಳಿದ ಯಾವುದೂ ಒಂದು ಕೋಳಿಯೂ ಸಾಯದಂತೆ ಮಾಡುವುದಿಲ್ಲ. ಸುಗ್ಗಿಯಲ್ಲಿ ಪಕ್ಕದ ಮನೆಯವರು ರಾಗಿ ಹರವಿದರೆ ಎಂಥ ಹಿತ್ತಿಲೂ ಅದರ ಮುಂದೆ ಸಪ್ಪೆ. ಆ ಕೆಲವು ವಾರ ಕೋಳಿಯನ್ನು ಒಳಗೆ ಇಡುವುದೇ ಸರಿ. ಉಳಿದ ಕಾಲಕ್ಕೆ, ರಸ್ತೆಯಲ್ಲಿ ಕೋಳಿ ಸತ್ತು ಬಿದ್ದಾಗ, ಗಾಡಿಯ ನಂಬರು ನೆನಪಿಟ್ಟುಕೊಳ್ಳುವ ಜೊತೆಗೆ ಇನ್ನೊಂದು ಕೆಲಸ ಮಾಡಬಹುದು. ಅದು ಬಿದ್ದ ಜಾಗದಲ್ಲಿ ನಿಂತು ಅದು ಎತ್ತ ಹೊರಟಿತ್ತು ಎಂದು ನೋಡಬೇಕು. ಆ ದಿಕ್ಕಿನಲ್ಲಿ ಹತ್ತಿಪ್ಪತ್ತು ಹೆಜ್ಜೆಯೊಳಗೆ ಒಂದು ತಿಪ್ಪೆಯೋ, ದೂಳಿನ ಗುಂಡಿಯೋ, ಲಂಟಾನದ ನೆರಳೋ ಸಿಗುತ್ತದೆ. ನಾಳೆ ಉಳಿದ ಒಂಬತ್ತು ಕೋಳಿಗಳೂ ಹೊರಡುವುದು ಅಲ್ಲಿಗೇ.